ಬಿಚ್ಚಿ ಹಾಕುವ ಬ್ಯಾಕ್‌ರೆಸ್ಟ್: ಹೆಂಡತಿಗೆ, ಅಮ್ಮನಿಗೆ, ತೆಂಗಿನಕಾಯಿ ಮೂಟೆಗೆ

ನನ್ನದು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಫೈರ್‌ಬಾಲ್ ಮಾಡೆಲ್. ನಾನು ತಗೊಂಡಾಗ ಅದೇ ಬೈಕಿನ ಸ್ಟೆಲ್ಲರ್, ಸೂಪರ್‌ನೋವಾ ಮಾಡೆಲ್‌ಗಳಿಗೆ ಹಿಂದೆ ಕೂರುವವರು ಬೆನ್ನು ಒರಗಿಸಲು ಕಂಪನಿಯಿಂದಲೇ ಬ್ಯಾಕ್‌ರೆಸ್ಟ್ ಬರುತ್ತಿತ್ತು. ಬಣ್ಣ ನೋಡಿ, ದುಡ್ಡು ನೋಡಿ ಫೈರ್‌ಬಾಲ್ ತಂದೆ. ಬ್ಯಾಕ್‌ರೆಸ್ಟ್ ಯಾಕೆ ಬೇಕು ಅಂತ ನನಗೆ ಅನ್ನಿಸಿತ್ತು. ಹಿಂದೆ ಕೂರುವುದು ನಾನಲ್ಲವಲ್ಲ.

ಬೆಂಗಳೂರಿನಿಂದ ನಮ್ಮೂರು ತಿಪಟೂರಿಗೆ ಸುಮಾರು 140 ಕಿ.ಮೀ. ತಿಂಗಳಿಗೊಮ್ಮೆ ಹೋಗುತ್ತೇವೆ. ತುಮಕೂರು ದಾಟಿ ಗುಬ್ಬಿ ಬರುವಷ್ಟರಲ್ಲಿ ನನ್ನ ಹೆಂಡತಿ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದಳು. ಗೇರ್ ಬದಲಿಸಿ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಅವಳ ಮೈ ಹಿಂದಕ್ಕೆ ಹೋಗುತ್ತದೆ. ಬೀಳದ ಹಾಗೆ ಹೊಟ್ಟೆ ಬಿಗಿಹಿಡಿದು ಕೂರಬೇಕು. ಮೂರು ಗಂಟೆ ಹಾಗೆ ಕೂತರೆ ಸೊಂಟ ನೋಯದೆ ಇರುತ್ತಾ? "ರೀ, ಬಸ್ಸಿಗೆ ಹೋಗೋಣ" ಅಂತ ಒಂದು ದಿನ ಹೇಳಿಯೇಬಿಟ್ಟಳು. ಆಗ ಎಚ್ಚರವಾಯಿತು.

2022ರ ದಸರಾಕ್ಕೆ ಮುಂಚೆ ಹೊರಗಿನ ಕಂಪನಿಯ, ಬಿಚ್ಚಿ ಹಾಕುವ ಬ್ಯಾಕ್‌ರೆಸ್ಟ್ ಒಂದನ್ನು ತರಿಸಿದೆ. 4,200 ರೂಪಾಯಿ. ಖಾಯಂ ಆಗಿ ಬೋಲ್ಟ್ ಹಾಕುವ ಬ್ಯಾಕ್‌ರೆಸ್ಟ್ ಇದಕ್ಕಿಂತ ಅಗ್ಗ. ಆದರೂ ಬಿಚ್ಚುವಂಥದ್ದೇ ಬೇಕು ಅಂತ ಹಟ ಹಿಡಿದೆ. ಕಾರಣ ಅಮ್ಮ. ಅವರು ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುತ್ತಾರೆ. ಹಾಗೆ ಕೂತವರಿಗೆ ಬ್ಯಾಕ್‌ರೆಸ್ಟ್ ಬೆನ್ನಿಗೆ ಸಿಗುವುದಿಲ್ಲ, ಪಕ್ಕೆಗೆ ತಿವಿಯುತ್ತದೆ.

ಕಿಟ್‌ನಲ್ಲಿ ಎರಡು ಭಾಗ. ಸೀಟಿನ ಎರಡೂ ಪಕ್ಕ ಬೋಲ್ಟ್ ಹಾಕಿ ಕೂರಿಸುವ ಪ್ಲೇಟುಗಳು ಬೈಕಿನಲ್ಲೇ ಇರುತ್ತವೆ. ಪ್ಯಾಡ್ ಇರುವ ಕಮಾನು ಮಾತ್ರ ಅದರ ಮೇಲೆ ಜಾರಿ ಕೂರುತ್ತದೆ. ಎರಡು ಕಡೆ ಪಿನ್, ಪಿನ್ ಬೀಳದ ಹಾಗೆ ಸಣ್ಣ ಕ್ಲಿಪ್. ಅಷ್ಟೇ.

ಫಿಟ್ ಮಾಡುವವನು ಮೊದಲು ಹೇಳಿದ್ದು, "ಸಾರ್, ಹಿಂದಿನ ಹಿಡಿಕೆ ತೆಗೆದುಬಿಡೋಣ, ಆ ತೂತಲ್ಲೇ ಇದು ಕೂರುತ್ತೆ." ನಾನು ಒಪ್ಪಲಿಲ್ಲ. ಹಿಂದೆ ಕೂರುವವರಿಗೆ ಹಿಡಿಕೆ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಕ್ಕದ ಹಾಗೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್, ಮೂರೂ ಅದರಲ್ಲಿವೆ. ಕಾನೂನು ಪಕ್ಕಕ್ಕಿಡಿ. ಬ್ರೇಕ್ ಹಾಕಿದರೆ ಹಿಂದಿನವರು ಬರುವುದು ಮುಂದಕ್ಕೆ. ಆಗ ಬ್ಯಾಕ್‌ರೆಸ್ಟ್ ಏನೂ ಮಾಡುವುದಿಲ್ಲ. ಕೈಗೆ ಹಿಡಿಕೆಯೇ ಸಿಗಬೇಕು. ಹೆಂಡತಿಯ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಟಕ್ ಅಂತ ಹೊಡೆಯುವುದು ಇವತ್ತಿಗೂ ನಿಂತಿಲ್ಲ.

ಹಿಡಿಕೆ, ಪ್ಲೇಟು ಎರಡೂ ಒಂದೇ ತೂತಲ್ಲಿ ಕೂರಬೇಕಾದರೆ ಉದ್ದದ ಬೋಲ್ಟ್ ಬೇಕು. ಕಿಟ್‌ನದ್ದು ಗಿಡ್ಡ, ನಟ್ಟಿಗೆ ಎರಡೇ ಸುತ್ತು ಸಿಗುತ್ತಿತ್ತು. ಜೆ.ಸಿ. ರಸ್ತೆಗೆ ಹೋಗಿ 8 ಎಂಎಂ ಸ್ಟೀಲ್ ಬೋಲ್ಟ್, ನೈಲಾನ್ ಇರುವ ನಟ್ಟು, ವಾಷರ್ ತಂದೆ. ಒಂದು ಕಡೆಯ ಬೋಲ್ಟನ್ನು ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದು ಕಡೆಗೆ ಹೋದರೆ ಕಮಾನು ಓರೆಯಾಗುತ್ತದೆ. ಮೊದಲು ಎಲ್ಲವನ್ನೂ ಕೈಯಲ್ಲೇ ಸಡಿಲವಾಗಿ ತಿರುಗಿಸಿ, ಕಮಾನು ಹಾಕಿ, ಪಿನ್ ಸಲೀಸಾಗಿ ಹೋಗುತ್ತದಾ ನೋಡಿ, ಆಮೇಲೆ ಬಿಗಿ ಮಾಡಬೇಕು. ಇದು ನಮಗೆ ಎರಡನೇ ಸಲ ಬಿಚ್ಚಿದಾಗ ತಿಳಿದದ್ದು. ಬೋಲ್ಟ್ ಸಡಿಲವಾಗದ ಹಾಗೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಒಂದೊಂದು ಹನಿ ಹಾಕಿದೆವು. ಕೆಂಪು ಹಾಕಬೇಡಿ, ಆಮೇಲೆ ಬಿಚ್ಚುವಾಗ ಅಳಬೇಕಾಗುತ್ತದೆ.

ಅಲ್ಲಿಂದ ಇಲ್ಲಿಗೆ ಮೂರು ವರ್ಷ, 26,000 ಕಿ.ಮೀ. ಈಗ ಗುಬ್ಬಿಯಲ್ಲಿ ನಿಲ್ಲಿಸುವುದು ಕಾಫಿಗೆ, ಸೊಂಟಕ್ಕಲ್ಲ. ಪ್ಯಾಡಿನ ಎತ್ತರ ಸರಿಮಾಡಲು ಮಾತ್ರ ಒಂದು ತಿಂಗಳು ಹಿಡಿಯಿತು. ಮೊದಲು ಮೇಲಿನ ತೂತಿಗೆ ಹಾಕಿದ್ದೆ, ಹೆಂಡತಿಯ ಹೆಗಲ ಮೂಳೆಗೆ ಒತ್ತುತ್ತಿತ್ತು. ಕೆಳಗಿನ ತೂತಿಗೆ ಇಳಿಸಿದ ಮೇಲೆ ಸೊಂಟದ ಹತ್ತಿರ ಬಂತು. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಕೂತರೆ ಇದೆಲ್ಲ ದಂಡ. ಬ್ಯಾಗೇ ಒರಗಿಕೊಳ್ಳುತ್ತದೆ, ಅವಳಲ್ಲ.

ಸುಖ ಜಾಸ್ತಿಯಾದರೂ ಕಷ್ಟವೇ. ಒಮ್ಮೆ ಧರ್ಮಸ್ಥಳಕ್ಕೆ ಹೊರಟಿದ್ದೆವು. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವಾಗ ಬೈಕು ಯಾಕೋ ಎಡಕ್ಕೆ ಎಳೆಯುತ್ತಿದೆ ಅನ್ನಿಸಿತು. ಕನ್ನಡಿಯಲ್ಲಿ ನೋಡಿದರೆ ಹೆಂಡತಿ ಒರಗಿಕೊಂಡು ತೂಕಡಿಸುತ್ತಿದ್ದಾಳೆ! ಹಿಂದಕ್ಕೆ ಆಸರೆ ಇದೆ, ಪಕ್ಕಕ್ಕೆ ಏನೂ ಇಲ್ಲ. ಅವತ್ತಿನಿಂದ 50 ಕಿ.ಮೀ.ಗೊಮ್ಮೆ ನಿಲ್ಲಿಸುತ್ತೇನೆ. ಊಟ ಆದ ಮೇಲಂತೂ ಮಾತಾಡಿಸುತ್ತಲೇ ಇರುತ್ತೇನೆ.

ಅದೇ ಪ್ರಯಾಣದಲ್ಲಿ ಇನ್ನೊಂದು ಗೊತ್ತಾಯಿತು. ಪ್ಯಾಡಿನ ಹೊಲಿಗೆಯಲ್ಲಿ ನೀರು ಇಳಿಯುತ್ತದೆ. ಮಳೆ ನಿಂತ ಮೇಲೂ ಒಳಗಿನ ಸ್ಪಂಜು ಎರಡು ದಿನ ಒಣಗಲಿಲ್ಲ. ಈಗ ಮಳೆಗಾಲದಲ್ಲಿ ಹಾಲಿನ ಕವರ್ ಕತ್ತರಿಸಿ ರೆಕ್ಸಿನ್ ಒಳಗೆ ಸೇರಿಸಿದ್ದೇನೆ. ನೋಡಲು ಚೆನ್ನಾಗಿಲ್ಲ, ಕೆಲಸ ಮಾಡುತ್ತದೆ.

ನಾಲ್ಕನೇ ತಿಂಗಳಿಗೆ ಕಟಕಟ ಶುರುವಾಯಿತು. ಹಿಂದೆ ಯಾರೂ ಇಲ್ಲದಾಗ, ಕೆಟ್ಟ ರಸ್ತೆಯಲ್ಲಿ ತಲೆ ಕೆಟ್ಟುಹೋಗುವಷ್ಟು ಸದ್ದು. ಕಮಾನು ಕೂರುವ ಜಾಗದ ರಬ್ಬರ್ ಸವೆದಿತ್ತು. ಮಾರಿದವರನ್ನು ಕೇಳಿದರೆ ಬಿಡಿ ರಬ್ಬರ್ ಸಿಗಲ್ಲ, ಪೂರ್ತಿ ಪ್ಲೇಟ್ ಸೆಟ್ ತಗೊಳ್ಳಿ ಅಂದರು. ಪಂಕ್ಚರ್ ಅಂಗಡಿಯವರು ಹಳೆ ಸೈಕಲ್ ಟ್ಯೂಬಿನ ತುಂಡು ಸುಮ್ನೆ ಕೊಟ್ಟರು. ಸುತ್ತಿದೆ, ಸದ್ದು ನಿಂತಿತು. ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಇನ್ನೊಮ್ಮೆ ಪಿನ್ನಿನ ಕ್ಲಿಪ್ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಬೈಕ್ ಅಂಗಡಿಗಳಲ್ಲಿ ಸಿಗಲಿಲ್ಲ. ಸಿಕ್ಕಿದ್ದು ತಿಪಟೂರಿನ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ, 10 ರೂಪಾಯಿಗೆ ಎರಡು! ಈಗ ಕ್ಲಿಪ್ಪಿಗೆ ದಾರ ಕಟ್ಟಿದ್ದೇನೆ.

ಡಬ್ಬಿಯ ಮೇಲೆ "10 ಸೆಕೆಂಡಿನಲ್ಲಿ ಬಿಚ್ಚಬಹುದು" ಅಂತ ಇತ್ತು. ಹೊಸದರಲ್ಲಿ ನಿಜ. ಕೆಸರು, ಧೂಳು ಕೂತ ಮೇಲೆ ಎರಡು ನಿಮಿಷ, ಜೊತೆಗೆ ಒಂದೆರಡು ಬೈಗುಳ. ಪಿನ್ನಿಗೆ ತಿಂಗಳಿಗೊಮ್ಮೆ ಬೆರಳ ತುದಿಯಷ್ಟು ಗ್ರೀಸ್ ಸವರಿದರೆ ಸಲೀಸು. ಹಾಗೇ ಬಿಟ್ಟರೆ ತುಕ್ಕು ಹಿಡಿದು, ಬಿಚ್ಚುವ ಬ್ಯಾಕ್‌ರೆಸ್ಟಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೇ ವ್ಯರ್ಥ. ನನ್ನ ಗೆಳೆಯನೊಬ್ಬನದು ಹಾಗೇ ಆಗಿದೆ. ಈಗ ಸುತ್ತಿಗೆ ಇಲ್ಲದೆ ಬರುವುದಿಲ್ಲ.

ನಾನು ನಿಜವಾಗಿ ಬಿಚ್ಚುತ್ತೇನಾ? ಊರಿಗೆ ಹೋದ ತಕ್ಷಣ ಬಿಚ್ಚುತ್ತೇನೆ. ಅಮ್ಮನನ್ನು ಸಂತೆಗೆ ಕರೆದುಕೊಂಡು ಹೋಗಬೇಕು. ತೋಟದಿಂದ ಮನೆಗೆ ತೆಂಗಿನಕಾಯಿ ಮೂಟೆಯನ್ನು ಸೀಟಿನ ಮೇಲೆ ಅಡ್ಡ ಹಾಕಿ ತರಬೇಕು. ಬ್ಯಾಕ್‌ರೆಸ್ಟ್ ಇದ್ದರೆ ಇವೆರಡೂ ಆಗದ ಮಾತು. ಆಫೀಸಿಗೆ ಹೋಗುವ ದಿನವೂ ಬಿಚ್ಚಿಟ್ಟೇ ಹೋಗುತ್ತೇನೆ. ಬೇಸ್‌ಮೆಂಟಿನಲ್ಲಿ ಅಕ್ಕಪಕ್ಕದವರು ಗಾಡಿ ಸರಿಸಲು ಅದನ್ನೇ ಹಿಡಿದು ಎಳೆಯುತ್ತಾರೆ. 191 ಕೆ.ಜಿ. ಬೈಕಿನ ತೂಕವೆಲ್ಲ ಆ ಕಮಾನಿನ ಮೇಲೆ ಬೀಳುತ್ತದೆ. ಒಮ್ಮೆ ಬಲಕ್ಕೆ ಸ್ವಲ್ಪ ಬಾಗಿತ್ತು.

ಬ್ಯಾಕ್‌ರೆಸ್ಟಿನ ಹಿಂದೆ ಸಾಮಾನು ಕಟ್ಟುವವರಿಗೆ ಒಂದು ಮಾತು. ಭಾರ ಹಿಂದಿನ ಚಕ್ರಕ್ಕಿಂತ ಆಚೆ ಹೋದಷ್ಟೂ ಬೈಕಿನ ಮೂತಿ ಹಗುರವಾಗುತ್ತದೆ, ತಿರುವಿನಲ್ಲಿ ತೇಲಿದ ಹಾಗಾಗುತ್ತದೆ. ನಾನು ಅಲ್ಲಿ ರೈನ್‌ಕೋಟ್ ಮಾತ್ರ ಕಟ್ಟುತ್ತೇನೆ. ಇಬ್ಬರು ಕೂತಾಗ ಹಿಂದಿನ ಶಾಕ್ ಅಬ್ಸಾರ್ಬರಿನ ಬಿಗಿಯನ್ನು ಆರು ಹಂತದಲ್ಲಿ ನಾಲ್ಕಕ್ಕೆ ಏರಿಸುತ್ತೇನೆ.

ರೆಕ್ಸಿನ್ ಈಗ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಸೀಟ್ ಹೊಲಿಯುವವರು 350 ರೂಪಾಯಿ ಹೇಳಿದ್ದಾರೆ. ವಿಮರ್ಶೆ ಬರೆಯುತ್ತಿದ್ದೇನೆ, ಐದಕ್ಕೆ ಎಷ್ಟು ಕೊಡಲಿ ಅಂತ ಹೆಂಡತಿಯನ್ನು ಕೇಳಿದೆ. "ನಾಲ್ಕು ಕೊಡಿ. ಹೊಲಿಸುವಾಗ ಸ್ಪಂಜು ಒಂದಿಂಚು ಜಾಸ್ತಿ ಹಾಕಿಸಿದರೆ ಇನ್ನೊಂದನ್ನು ನೋಡೋಣ" ಅಂದಳು.