ಬ್ರೇಕ್ ಆಯಿಲ್ ಬದಲಿಸಲು ಪೆಡಲ್, ವ್ಯಾಕ್ಯೂಮ್, ಪ್ರೆಶರ್: ಯಾವುದು ವಾಸಿ?

ಕಾರಿನ ಬ್ರೇಕ್ ಆಯಿಲ್ ಬದಲಿಸಲು ಮನೆಯಲ್ಲೇ ಮಾಡಬಹುದಾದ ಮೂರು ದಾರಿ ನಾನು ನೋಡಿದ್ದೇನೆ. ಪೆಡಲ್ ತುಳಿದು ಹಳೆಯದನ್ನು ಹೊರಹಾಕುವುದು, ನಿಪ್ಪಲ್‌ಗೆ (ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡಲು ಇರುವ ಸಣ್ಣ ತಿರುಪು) ವ್ಯಾಕ್ಯೂಮ್ ಪಂಪ್ ಹಾಕಿ ಎಳೆಯುವುದು, ಬಾನೆಟ್ ಕೆಳಗಿರುವ ಬ್ರೇಕ್ ಆಯಿಲ್ ಡಬ್ಬಿಗೆ ಪ್ರೆಶರ್ ಕೊಟ್ಟು ತಳ್ಳುವುದು. ಮೂರನ್ನೂ ಒಂದೇ ಕಾರಿನ ಮೇಲೆ ಮಾಡಿದ ಮೇಲೆ ನನ್ನ ಓಟು ಪ್ರೆಶರ್‌ಗೆ.

ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆಯಲ್ಲ, ಬದಲಿಸುವುದು ಯಾಕೆ ಎಂದು ಕೇಳುವವರು ಜಾಸ್ತಿ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಒಳಗೆ ಆವಿ ತುಂಬುತ್ತದೆ, ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಅಲ್ಲಿಯವರೆಗೆ ಸುಳಿವೇ ಸಿಗದಿರಬಹುದು. ಅದಕ್ಕೇ ನಾನು ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಪೆಡಲ್ ದಾರಿಗೆ ಇಬ್ಬರು ಬೇಕು. ಒಬ್ಬರು ತುಳಿದು ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಆಯಿಲ್ ಬಂದ ಮೇಲೆ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲೇ ಕಾಲು ತೆಗೆದರೆ ಗಾಳಿ ಒಳಗೆ ಹೋಯಿತು ಅಂತಲೇ ಲೆಕ್ಕ. ರಿಂಗ್ ಸ್ಪ್ಯಾನರ್, ಪಾರದರ್ಶಕ ಪೈಪು, ಒಂದು ಬಾಟಲಿ ಇದ್ದರೆ ಸಾಕು, ಅದು ದೊಡ್ಡ ಅನುಕೂಲ. ಆದರೆ ಹಳೆಯ ಕಾರಿನಲ್ಲಿ ಪೆಡಲನ್ನು ನೆಲ ಮುಟ್ಟುವವರೆಗೆ ತುಳಿಯಬೇಡಿ. ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಸೀಲು ದಿನಾ ಹೋಗದ ಜಾಗಕ್ಕೆ ಹೋಗಿ, ಅಲ್ಲಿರುವ ತುಕ್ಕಿಗೆ ಉಜ್ಜಿ ಹಾಳಾಗಬಹುದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಡುವುದು ಒಳ್ಳೆಯದು.

ವ್ಯಾಕ್ಯೂಮ್ ಪಂಪ್ ಒಬ್ಬರೇ ಮಾಡುವವರಿಗೆ ಅಂತ ಇರುವುದು. ಆದರೆ ನನಗೆ ಅದರ ಮೇಲೆ ನಂಬಿಕೆ ಕೂರಲಿಲ್ಲ. ನಿಪ್ಪಲ್ ಸಡಿಲಿಸಿದ ತಕ್ಷಣ ಪೈಪಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಶುರುವಾಯಿತು, ಎಷ್ಟು ಆಯಿಲ್ ಎಳೆದರೂ ನಿಲ್ಲಲೇ ಇಲ್ಲ. ಅದು ಬ್ರೇಕ್ ಲೈನಿನೊಳಗಿನ ಗಾಳಿಯಲ್ಲ, ನಿಪ್ಪಲ್‌ನ ಮರೆಯ (ತಿರುಪಿನ ಸುತ್ತುಗಳ) ಸಂದಿಯಿಂದ ನುಸುಳುವ ಹೊರಗಿನ ಗಾಳಿ. ಮರೆಗೆ ಸ್ವಲ್ಪ ಗ್ರೀಸ್ ಹಚ್ಚಿದಾಗ ಗುಳ್ಳೆ ಕಡಿಮೆಯಾಯಿತು, ಅಷ್ಟೇ. ಗುಳ್ಳೆ ನೋಡಿ ಕೆಲಸ ಮುಗಿಯಿತೋ ಇಲ್ಲವೋ ಹೇಳಬೇಕಾದ ಕಡೆ ಗುಳ್ಳೆಯೇ ಸುಳ್ಳು ಹೇಳಿದರೆ ಹೇಗೆ ಅಲ್ವಾ? ಡಬ್ಬಿಯಲ್ಲಿನ ಹಳೆಯ ಆಯಿಲನ್ನು ಮೊದಲೇ ಹೀರಿ ತೆಗೆಯಲು ಮಾತ್ರ ಈ ಪಂಪ್ ಬಹಳ ಚೆನ್ನ.

ಪ್ರೆಶರ್‌ನಲ್ಲಿ ಆ ಗೊಂದಲವಿಲ್ಲ. ಲೈನಿನೊಳಗಿನ ಒತ್ತಡ ಹೊರಗಿಗಿಂತ ಜಾಸ್ತಿ ಇರುವುದರಿಂದ ಸಂದಿಯಲ್ಲಿ ಗಾಳಿ ಒಳಬರುವುದಿಲ್ಲ. ಗುಳ್ಳೆ ಕಂಡರೆ ಅದು ನಿಜಕ್ಕೂ ಒಳಗಿದ್ದ ಗಾಳಿಯೇ. ಸುಮಾರು 1 ಬಾರ್ ಸಾಕು. ನಿಪ್ಪಲ್ ಕಾಲು ಸುತ್ತು ತಿರುಗಿಸಿದರೆ ಮೊದಲು ಕಂದು ಬಣ್ಣದ ಆಯಿಲ್ ಬರುತ್ತದೆ, ಆಮೇಲೆ ಪೈಪಿನೊಳಗೆ ತಿಳಿ ಹಳದಿ ಗೆರೆ ಮುಂದೆ ಸಾಗುವುದು ಕಣ್ಣಿಗೇ ಕಾಣುತ್ತದೆ. ಪೆಡಲ್ ತುಳಿಯುವ ಕೆಲಸವೇ ಇಲ್ಲ, ಸೀಲಿಗೂ ತೊಂದರೆಯಿಲ್ಲ.

ಇದರ ತಲೆನೋವು, ಪ್ರೆಶರ್ ಬಾಟಲಿಯ ಪೈಪನ್ನು ಡಬ್ಬಿಗೆ ಜೋಡಿಸುವ ಮುಚ್ಚಳ. ಅದು ಡಬ್ಬಿಗೆ ಸರಿಯಾಗಿ ಕೂರದಿದ್ದರೆ ಆಯಿಲ್ ಚಿಮ್ಮಿ ಬಾನೆಟ್ಟಿನ ಬಣ್ಣ ತಿನ್ನುತ್ತದೆ. ಹಾಗಾಗಿ ಆಯಿಲ್ ಹಾಕದೆ ಬರೀ ಗಾಳಿ ಕೊಟ್ಟು ಮೊದಲು ಪರೀಕ್ಷಿಸುತ್ತೇನೆ. ಬಣ್ಣದ ಮೇಲೆ ಹನಿ ಬಿದ್ದರೆ ಒರೆಸುತ್ತಾ ಕೂರದೆ ಆ ಜಾಗಕ್ಕೆ ಜಾಸ್ತಿ ನೀರು ಸುರಿಯಿರಿ. ಮುಚ್ಚಳ ತೆಗೆಯುವ ಮುಂಚೆ ಪ್ರೆಶರ್ ಇಳಿಸುವುದನ್ನು ಮರೆಯಬೇಡಿ.

ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬ್ಲಾಕಿನೊಳಗೆ ಗಾಳಿ ಸಿಕ್ಕಿಕೊಂಡರೆ ಈ ಮೂರೂ ಸಾಲದೆ ಹೋಗಬಹುದು. ಹಲವು ಕಾರುಗಳಲ್ಲಿ ಕಾರಿನ ಕಂಪ್ಯೂಟರ್‌ಗೆ ಸ್ಕ್ಯಾನರ್ ಹಾಕಿ ಎಬಿಎಸ್ ಪಂಪ್ ಓಡಿಸಲೇಬೇಕು. ಯಾವ ಚಕ್ರ ಮೊದಲು ಎಂಬುದನ್ನು ಕಾರಿನ ಸರ್ವಿಸ್ ಪುಸ್ತಕ ನೋಡಿ ಮಾಡಿ, ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರವೇ ಮೊದಲು ಎಂಬ ನಿಯಮ ಎಲ್ಲ ಕಾರಿಗೂ ಹೊಂದುವುದಿಲ್ಲ. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಡಾಟ್ 3, 4 ಅಥವಾ 5.1ರ ಜೊತೆ ಬೆರೆಸಬೇಡಿ. ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯ ಆಯಿಲನ್ನೂ ಹಾಕಬೇಡಿ. ಪ್ರೆಶರ್ ಬಾಟಲಿ ಕೈಗೆ ಸಿಗದಿದ್ದರೆ ಒಬ್ಬರನ್ನು ಕರೆದುಕೊಂಡು ಪೆಡಲ್ ದಾರಿಯಲ್ಲೇ ಮಾಡಿ, ವ್ಯಾಕ್ಯೂಮ್‌ಗಿಂತ ಅದೇ ವಾಸಿ.