ಐರ್ಲೆಂಡಿನ ಜನನ ದಾಖಲೆ: ಸರ್ಕಾರದ್ದು ನಂಬಬೇಕಾ, ಚರ್ಚಿನದ್ದಾ?

ಬೆಂಗಳೂರಿನ ಕುಕ್ ಟೌನ್‌ನ ನನ್ನ ಆಂಗ್ಲೋ ಇಂಡಿಯನ್ ಗೆಳೆಯನ ಮುತ್ತಾತ ಐರ್ಲೆಂಡಿನ ಕೆರ್ರಿ ಕಡೆಯಿಂದ ಕಂಟೋನ್ಮೆಂಟ್‌ಗೆ ಬಂದ ಸೋಲ್ಜರ್. ಅವರನ್ನು ಹುಡುಕಲು ಬಳಸಿದ ಎರಡು ಉಚಿತ ವೆಬ್‌ಸೈಟ್‌ಗಳ ಬಗ್ಗೆ ಬರೀತಿದ್ದೇನೆ.

ಮೊದಲನೆಯದು ಅಲ್ಲಿನ ಸರ್ಕಾರದ ಐರಿಶ್‌ಜೀನಿಯಾಲಜಿ.ಐಇ. ಬಹಳ ಚೆನ್ನಾಗಿದೆ. ಹೆಸರು ಹಾಕಿ, ಊರು ಹಾಕಿ, ನೂರು ವರ್ಷ ದಾಟಿದ ಜನನ ದಾಖಲೆಯ ಮೂಲ ಪುಟವೇ ತೆರೆಯುತ್ತೆ. ಅಪ್ಪನ ಕೆಲಸ, ಮನೆಯಿದ್ದ ಜಾಗ, ತಾಯಿಯ ತವರಿನ ಹೆಸರು, ಸುದ್ದಿ ಕೊಟ್ಟವರು ಯಾರು, ಅವರಿಗೆ ಓದು ಬರಹ ಬರದಿದ್ದರೆ ಹಾಕಿದ ಗುರುತು, ಎಲ್ಲವೂ ಸಿಗುತ್ತೆ. ದುಡ್ಡು ಕೊಟ್ಟು ಸರ್ಟಿಫಿಕೇಟ್ ತರಿಸೋ ಅಗತ್ಯವೇ ಇಲ್ಲ. ಆದರೆ ಎಲ್ಲರ ಜನನವನ್ನೂ ಸರ್ಕಾರ ಬರೆದುಕೊಳ್ಳಲು ಶುರು ಮಾಡಿದ್ದೇ 1864ರಲ್ಲಿ. ಅದಕ್ಕೂ ಹಿಂದಿನವರಿಗೆ ಚರ್ಚಿನ ಬ್ಯಾಪ್ಟಿಸಂ (ಮಗುವಿಗೆ ಜ್ಞಾನಸ್ನಾನ ಮಾಡಿಸೋ ವಿಧಿ) ದಾಖಲೆಯೇ ಗತಿ.

ಇನ್ನೊಂದು ತೊಡಕಿದೆ. ನೋಂದಣಿ ತಡವಾದರೆ ದಂಡ ಬೀಳುತ್ತಿತ್ತು, ಹಾಗಾಗಿ ಕೆಲವು ಅಪ್ಪ ಅಮ್ಮ ಹುಟ್ಟಿದ ದಿನವನ್ನೇ ಮುಂದಕ್ಕೆ ತಳ್ಳಿ ಹೇಳಿಬಿಡುತ್ತಿದ್ದರು. ನಮ್ಮ ಹಿರಿಯರ ಮಾರ್ಕ್ಸ್ ಕಾರ್ಡಲ್ಲಿ ಮೇಷ್ಟ್ರು ಬರೆದ ಜೂನ್ 1ರ ಹಾಗೆ! ಹೀಗಾಗಿ ಮಗು ಹುಟ್ಟುವ ಮೊದಲೇ ಬ್ಯಾಪ್ಟಿಸಂ ಆಗಿರುವ ವಿಚಿತ್ರವೂ ಕಾಣುತ್ತೆ, ನಮ್ಮ ಸೋಲ್ಜರ್ ತಾತನ ಲೆಕ್ಕದಲ್ಲೂ ಇದೇ ಆಗಿತ್ತು. ಇಂಥ ಕಡೆ ನಾನು ಚರ್ಚಿನ ತಾರೀಕನ್ನೇ ನಂಬುತ್ತೇನೆ, ಪಾದ್ರಿಗೆ ಸುಳ್ಳು ಹೇಳಿ ಯಾರಿಗೇನು ಲಾಭ, ಅಲ್ವಾ?

ಕೆರ್ರಿ, ಡಬ್ಲಿನ್ ಸಿಟಿ, ಕಾರ್ಲೋ ಕಡೆಯವರಾದರೆ ಚರ್ಚಿನ ದಾಖಲೆಯೂ ಇದೇ ಸೈಟಲ್ಲಿ ಸಿಗಬಹುದು. ಉಳಿದವರು ಐರ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಸೈಟಿಗೆ ಹೋಗಬೇಕು. 2015ರಿಂದ ಅಲ್ಲಿ ಕ್ಯಾಥೊಲಿಕ್ ರಿಜಿಸ್ಟರ್‌ಗಳು ಉಚಿತ, ಹೆಚ್ಚಿನವು ಸುಮಾರು 1880ರವರೆಗೆ. ಆದರೆ ಹೆಸರು ಹಾಕಿ ಹುಡುಕೋಕಾಗಲ್ಲ. ಊರು ಯಾವ ಚರ್ಚಿನ ವ್ಯಾಪ್ತಿಗೆ ಸೇರಿತ್ತು ಅಂತ ಗೊತ್ತಿರಬೇಕು, ಅಂದಾಜು ತಿಂಗಳನ್ನು ಆರಿಸಿಕೊಂಡು ಮೈಕ್ರೋಫಿಲ್ಮ್ ಚಿತ್ರಗಳನ್ನು ಒಂದೊಂದಾಗಿ ತಿರುವಬೇಕು, ಮಸುಕಾದ ಕೈಬರಹ, ಜೇಮ್ಸ್ ಅನ್ನೋನು ಲ್ಯಾಟಿನ್‌ನಲ್ಲಿ ಜಾಕೋಬಸ್ ಆಗಿರ್ತಾನೆ. ಕಣ್ಣು ನೋವು ಗ್ಯಾರಂಟಿ. ಆದರೂ ಬಿಡಬೇಡಿ, ಯಾಕಂದ್ರೆ ಗಾಡ್‌ಪೇರೆಂಟ್ಸ್ (ಬ್ಯಾಪ್ಟಿಸಂನಲ್ಲಿ ಮಗುವಿನ ಪರ ನಿಲ್ಲೋರು) ಹೆಸರು ಸಿಗೋದು ಚರ್ಚಿನ ದಾಖಲೆಯಲ್ಲೇ, ಸರ್ಕಾರದ್ದರಲ್ಲಿ ಇರಲ್ಲ. ಅವರು ಬಹಳ ಸಲ ಅತ್ತೆಯೋ ಸೋದರಮಾವನೋ ಆಗಿರ್ತಾರೆ.

ಮನೆಯವರು ಕ್ಯಾಥೊಲಿಕ್ ಅಲ್ಲದೆ ಚರ್ಚ್ ಆಫ್ ಐರ್ಲೆಂಡ್‌ಗೆ (ಅಲ್ಲಿನ ಆಂಗ್ಲಿಕನ್ ಪ್ರೊಟೆಸ್ಟೆಂಟ್ ಚರ್ಚ್) ಸೇರಿದ್ದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಅವರ ರಿಜಿಸ್ಟರ್‌ಗಳಲ್ಲಿ ಬಹಳಷ್ಟು 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಅನ್ನೋ ಕೋರ್ಟು ಕಟ್ಟಡಗಳ ಆವರಣದಲ್ಲಿದ್ದ ದಾಖಲೆ ಕಚೇರಿಯ ಬೆಂಕಿಯಲ್ಲಿ ಸುಟ್ಟುಹೋದವು.

ಬೆಂಗಳೂರಲ್ಲೇ ಹುಟ್ಟಿದ ಸೋಲ್ಜರ್ ಮಕ್ಕಳನ್ನು ಈ ಸೈಟ್‌ಗಳಲ್ಲಿ ಸುಮ್ನೆ ಹುಡುಕಬೇಡಿ. ಅವರಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ದಾಖಲೆ ನೋಡಬೇಕು.