‘ಮೆಟಲ್ ಗೇರ್’ ಎಂಬ ಚೀಟಿ ನಂಬಿ ಸಣ್ಣ ಸರ್ವೋ ತರಬೇಡಿ

ನಾಲ್ಕು ಕಾಲಿನ ಸಣ್ಣ ರೋಬಾಟ್. ಕಾಲಿಗೆ ಮೂರರಂತೆ ಹನ್ನೆರಡು ಸರ್ವೋ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್ ಡಬ್ಬಿಗಳು. ಎಲ್ಲದರ ಮೈಮೇಲೂ ಎಂಜಿ90ಎಸ್, ‘ಮೆಟಲ್ ಗೇರ್’ (ಲೋಹದ ಹಲ್ಲುಚಕ್ರ) ಎಂಬ ಚೀಟಿ, ಎಲ್ಲವೂ ಒಂದೇ ಕಡೆಯಿಂದ ಒಟ್ಟಿಗೆ ಬಂದವು. ಕಾಲುಗಳು ಗಾಳಿಯಲ್ಲಿ ಇರುವಷ್ಟು ಹೊತ್ತು ಎಲ್ಲವೂ ಸರಿಯಾಗಿಯೇ ಆಡಿದವು. ನೆಲಕ್ಕಿಟ್ಟು ನಡೆಸಿದ ಸ್ವಲ್ಪ ಹೊತ್ತಿಗೆ ಒಂದು ಕಾಲು ಸುಮ್ಮಸುಮ್ಮನೆ ನಡುಗತೊಡಗಿತು. ಇನ್ನೊಂದರ ಮೊಣಕಾಲಿನಿಂದ ಕರಕರ ಸದ್ದು ಬಂತು, ಆಮೇಲೆ ಹಾರ್ನ್ (ಶಾಫ್ಟಿನ ತುದಿಗೆ ಕೂರುವ ಪುಟ್ಟ ತೋಳು) ಹಿಡಿತವೇ ಇಲ್ಲದೆ ಸುತ್ತಿತು. ಮೂರನೆಯದು ಒಂದು ತುದಿಗೆ ಓಡಿ, ಅಲ್ಲೇ ಒತ್ತಿ ನಿಂತು, ಕೈ ಇಡಲಾಗದಷ್ಟು ಕಾಯಿತು.

ಬಿಚ್ಚಿ ನೋಡಿದಾಗ ಮೂರಕ್ಕೂ ಬೇರೆ ಬೇರೆ ರೋಗ. ಹಾರ್ನ್ ಸುತ್ತಿದ್ದರಲ್ಲಿ ಮೇಲಿಂದ ಕಾಣುವ ಗೇರ್ ಹಿತ್ತಾಳೆಯದೇ, ಆದರೆ ನಡುವಿನ ಒಂದು ಗೇರ್ ನೈಲಾನ್. ಅದರ ನಾಲ್ಕೈದು ಹಲ್ಲು ಕಿತ್ತುಹೋಗಿತ್ತು. ನಡುಗುತ್ತಿದ್ದದ್ದರ ಒಳಗೆ ಸ್ಥಾನ ಅಳೆಯುವ ಪೊಟೆನ್ಶಿಯೋಮೀಟರಿನ ಇಂಗಾಲದ ಪಟ್ಟಿ ನಡುಭಾಗದಲ್ಲಿ ಸವೆದಿತ್ತು. ಕಾದು ಕೂತದ್ದರಲ್ಲಿ ಮೋಟರ್ ನಡೆಸುವ ಸರ್ಕ್ಯೂಟ್ ಒಂದೇ ದಿಕ್ಕಿಗೆ ಅಂಟಿಕೊಂಡು ಸುಟ್ಟಿತ್ತು. ಚೀಟಿಯ ಮೇಲೆ ಬರೆದ ಎರಡು ಪದ ಈ ಮೂರರಲ್ಲಿ ಯಾವುದನ್ನೂ ತಡೆಯಲಿಲ್ಲ.

ಎಸ್‌ಜಿ90, ಎಂಜಿ90ಎಸ್, ಎಂಜಿ996ಆರ್ ಇವು ಈಗ ಒಂದು ತಯಾರಕರ ಮಾದರಿಯ ಹೆಸರಾಗಿ ಉಳಿದಿಲ್ಲ. ಆ ಅಳತೆಯ ಡಬ್ಬಿಗೆ ಯಾರು ಬೇಕಾದರೂ ಹಚ್ಚುವ ಅಂಕಿಗಳಾಗಿವೆ. ಒಂದೇ ಅಂಕಿಯ ಎರಡು ಸರ್ವೋಗಳ ಒಳಗೆ ಮೋಟರ್, ಗೇರ್, ಬೋರ್ಡ್ ಎಲ್ಲವೂ ಬೇರೆಯಾಗಿರಬಹುದು. ತೂಕ ಒಂದು ಸುಳಿವು ಕೊಡುತ್ತದೆ: ಎಸ್‌ಜಿ90 ಸುಮಾರು 9 ಗ್ರಾಂ, ಎಂಜಿ90ಎಸ್ 13.4 ಗ್ರಾಂ, ಎಂಜಿ996ಆರ್ 55 ಗ್ರಾಂ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ‘ಎಂಜಿ90ಎಸ್’ ಒಂದು 11 ಗ್ರಾಂ ತೂಗಿದರೆ ಒಳಗೆ ಲೋಹ ಕಡಿಮೆಯಿದೆ ಎಂದೇ ಅನುಮಾನಿಸಿ. ತೂಕ ಸರಿಯಿದ್ದ ಮಾತ್ರಕ್ಕೆ ಸರ್ವೋ ಸರಿ ಎಂದಲ್ಲ.

ಹನ್ನೆರಡು ತಂದಿದ್ದರೆ ಒಂದನ್ನು ಬಲಿಕೊಟ್ಟು ಬಿಚ್ಚುವುದೇ ಲಾಭ. ಅಡಿಯ ನಾಲ್ಕು ಉದ್ದ ಸ್ಕ್ರೂ ತೆಗೆದು, ಸರ್ವೋ ನೆಟ್ಟಗೆ ಹಿಡಿದೇ ಮೇಲಿನ ಮುಚ್ಚಳವನ್ನು ನಿಧಾನ ಎತ್ತಿ. ಗೇರ್‌ಗಳು ಉದುರುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ, ಇಲ್ಲದಿದ್ದರೆ ಯಾವುದರ ಮೇಲೆ ಯಾವುದಿತ್ತು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಮೋಟರಿನ ತುದಿಯ ಪುಟ್ಟ ಗೇರ್‌ನಿಂದ ಹಾರ್ನ್ ಕೂರುವ ಗೇರ್‌ವರೆಗೆ ಪ್ರತಿಯೊಂದನ್ನೂ ನೋಡಿ. ಆಯಸ್ಕಾಂತ ಹಿಡಿದರೆ ಉಕ್ಕು ಅಂಟುತ್ತದೆ, ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಅಂಟುವುದಿಲ್ಲ. ಹೊರಬರುವ ಶಾಫ್ಟ್ ಬಾಲ್ ಬೇರಿಂಗ್ ಮೇಲೆ ಕೂತಿದೆಯೋ, ಪ್ಲಾಸ್ಟಿಕ್ ತೂತಿನಲ್ಲೇ ತಿರುಗುತ್ತದೆಯೋ ಎಂಬುದೂ ಆಗಲೇ ಗೊತ್ತಾಗುತ್ತದೆ. ಬೆಸುಗೆ ಕಡೆಗೆ ಕಣ್ಣು ಹಾಯಿಸಿ: ಮೋಟರಿನ ಎರಡು ತುದಿಗೆ ಹೋಗುವ ತಂತಿಗಳ ಬೆಸುಗೆ ಮಂಕಾಗಿ, ಉಂಡೆಗಟ್ಟಿ ಕೂತಿದ್ದರೆ ಅದು ನಡುಕಕ್ಕೆ ಬಿಟ್ಟುಕೊಳ್ಳುತ್ತದೆ.

ಎಲ್ಲ ಗೇರ್‌ಗಳೂ ನಿಜವಾಗಿ ಲೋಹದ್ದೇ ಆಗಿದ್ದರೂ ಸಮಸ್ಯೆ ಮುಗಿಯುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ನೈಲಾನ್ ಗೇರ್ ಹೆಚ್ಚು ಹೊರೆ ಬಿದ್ದಾಗ ಹಲ್ಲು ಕಳೆದುಕೊಂಡು ಮೋಟರನ್ನು ಉಳಿಸುತ್ತದೆ. ಲೋಹದ ಗೇರ್ ಅಷ್ಟು ಸುಲಭವಾಗಿ ಮುರಿಯುವುದಿಲ್ಲ. ಆಗ ಮೋಟರ್ ಸ್ಟಾಲ್ ಆಗಿ, ಅಂದರೆ ತಿರುಗಲಾಗದೆ ನಿಂತು, ಬೋರ್ಡ್ ಸುಡುತ್ತದೆ. ಗೇರ್‌ಗಳ ಸೂಜಿಗಳು ಕೂರುವ ತೂತುಗಳು ಪ್ಲಾಸ್ಟಿಕ್ ಕವಚದಲ್ಲೇ ಇರುವುದರಿಂದ ಹೊಡೆತ ತಿಂದು ಆ ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗಿ, ಗೇರ್‌ಗಳು ಒಂದನ್ನೊಂದು ಸರಿಯಾಗಿ ಕಚ್ಚುವುದಿಲ್ಲ. ಹಿತ್ತಾಳೆ ಹಲ್ಲುಗಳು ಸವೆಯುತ್ತ ಹೋದಂತೆ ಕೀಲಿನಲ್ಲಿ ಆಟ ಹೆಚ್ಚುತ್ತದೆ. ಕ್ಯಾಮೆರಾ ತಿರುಗಿಸುವಂಥ ಹಗುರ ಕೆಲಸಕ್ಕೆ ಒಳ್ಳೆಯ ನೈಲಾನ್ ಗೇರೇ ಮೇಲು. ಲೋಹ ಬೇಕಾದದ್ದು ನೆಲಕ್ಕೆ ಬಡಿಯುವ ಕಾಲಿಗೆ, ಗೋಡೆಗೆ ಢಿಕ್ಕಿ ಹೊಡೆಯಬಹುದಾದ ತೋಳಿಗೆ.

ಇನ್ನು ಟಾರ್ಕ್, ಅಂದರೆ ಶಾಫ್ಟ್ ತಿರುಗಿಸುವ ಬಲ. ಹೆಚ್ಚಿನ ಸರ್ವೋಗಳು ಸಾಯುವುದು ಈ ಅಂಕಿಯನ್ನು ತಪ್ಪಾಗಿ ಓದಿದ್ದರಿಂದ. ಎಂಜಿ90ಎಸ್‌ಗೆ 4.8 ವೋಲ್ಟ್‌ನಲ್ಲಿ 1.8 ಕೆಜಿ-ಸೆಂ.ಮೀ. (ಶಾಫ್ಟಿನಿಂದ 1 ಸೆಂ.ಮೀ. ದೂರದಲ್ಲಿ 1.8 ಕೆಜಿಯ ಬಲ), 6 ವೋಲ್ಟ್‌ನಲ್ಲಿ 2.2 ಎಂದು ಬರೆದಿರುತ್ತದೆ. ಇದು ಸ್ಟಾಲ್ ಟಾರ್ಕ್, ಅಂದರೆ ಮೋಟರ್ ಇನ್ನು ತಿರುಗಲಾರೆ ಎಂದು ನಿಂತುಬಿಡುವ ಘಟ್ಟದ ಬಲ. ಆ ಘಟ್ಟದಲ್ಲಿ ಎಳೆಯುವ ಕರೆಂಟ್ ಪೂರ್ತಿ ಶಾಖವಾಗುತ್ತದೆ. ಸತತ ಕೆಲಸಕ್ಕೆ ಅದರ ಮೂರನೇ ಒಂದು ಭಾಗ, ಎಂದರೆ 0.6, ಕ್ಷಣಕಾಲದ ಎಳೆತಕ್ಕೆ ಅರ್ಧ. ಅದಕ್ಕಿಂತ ಹೆಚ್ಚು ಲೆಕ್ಕ ಹಾಕಬೇಡಿ.

ಮೇಲಿನ ರೋಬಾಟ್‌ನದ್ದೇ ಲೆಕ್ಕ ನೋಡಿ. ಬ್ಯಾಟರಿ ಸೇರಿ 600 ಗ್ರಾಂ. ಎದುರುಬದುರು ಮೂಲೆಯ ಎರಡು ಕಾಲ ಮೇಲೆ ನಿಂತು ಹೆಜ್ಜೆ ಹಾಕುವಾಗ ಕಾಲಿಗೆ 300 ಗ್ರಾಂ. ಪಾದ ನೆಲ ಮುಟ್ಟುವ ಬಿಂದುವಿಗೂ ಮೊಣಕಾಲಿನ ಶಾಫ್ಟಿಗೂ ಅಡ್ಡ ಅಂತರ 4 ಸೆಂ.ಮೀ. ಅಲ್ಲಿಗೆ 1.2 ಕೆಜಿ-ಸೆಂ.ಮೀ., ಸ್ಟಾಲ್‌ನ ಮೂರರಲ್ಲಿ ಎರಡು ಪಾಲು. ಅಸಲಿ ಸರ್ವೋ ಹಾಕಿದ್ದರೂ ಅದು ಕಾಯುತ್ತಿತ್ತು. ಅದೇ ದೇಹಕ್ಕೆ ಒಮ್ಮೆಗೆ ಒಂದೇ ಕಾಲು ಎತ್ತುವ ನಡಿಗೆ ಕೊಟ್ಟು, ಅಡ್ಡ ಅಂತರವನ್ನು 2.5 ಸೆಂ.ಮೀ.ಗೆ ಇಳಿಸಿದರೆ ಕಾಲಿಗೆ 200 ಗ್ರಾಂ, ಟಾರ್ಕ್ 0.5. ಈಗ ಉಸಿರಾಡಲು ಜಾಗವಿದೆ. ತೋಳಿಗೂ ಹೀಗೆಯೇ: 10 ಸೆಂ.ಮೀ. ತೋಳಿನ ತುದಿಯಲ್ಲಿ 50 ಗ್ರಾಂ ಹಿಡಿಕೆಯಿದ್ದರೆ 0.5, ತೋಳಿನ ಸ್ವಂತ 30 ಗ್ರಾಂ ನಡುವಿನ 5 ಸೆಂ.ಮೀ.ಯಲ್ಲಿ 0.15, ಒಟ್ಟು 0.65. ವಸ್ತು ಎತ್ತುವ ಮೊದಲೇ ಮಿತಿ ದಾಟಿತು. ಅಲ್ಲಿ ದೊಡ್ಡ ಅಳತೆಯ ಸರ್ವೋ ಬೇಕು, ಹೆಚ್ಚು ಬಲದ ಚೀಟಿಯ ಸಣ್ಣ ಸರ್ವೋ ಅಲ್ಲ. 9 ಗ್ರಾಂ ಡಬ್ಬಿಯ ಮೇಲೆ 4 ಕೆಜಿ ಎಂದು ಬರೆದಿದ್ದರೆ ನಕ್ಕು ಮುಂದೆ ಹೋಗಿ.

ಸರ್ವೋಗೆ ಬೈಯುವ ಮೊದಲು ಕರೆಂಟ್ ಎಲ್ಲಿಂದ ಬರುತ್ತಿದೆ ನೋಡಿ. ಈ ಅಳತೆಯ ಒಂದು ಸರ್ವೋ ಸ್ಟಾಲ್ ಆದಾಗ 5 ವೋಲ್ಟ್‌ನಲ್ಲಿ ಸುಮಾರು 700 ಮಿಲಿಆಂಪ್ ಎಳೆಯುತ್ತದೆ. ಎಂಜಿ996ಆರ್ 6 ವೋಲ್ಟ್‌ನಲ್ಲಿ 2.5 ಆಂಪ್. ಸ್ವಿಚ್ ಹಾಕಿದ ಕ್ಷಣ ಹನ್ನೆರಡೂ ಒಟ್ಟಿಗೆ ತಮ್ಮ ಸ್ಥಾನಕ್ಕೆ ಜಿಗಿದರೆ 8 ಆಂಪ್ ಮೀರಬಹುದು. ಸರ್ವೋಗೆ ಆಜ್ಞೆ ಕೊಡುವ ಆರ್ಡುಯಿನೋ ಊನೋ ಬೋರ್ಡಿನ ಯುಎಸ್‌ಬಿ ಸಾಲಿನ ಫ್ಯೂಸ್ ಇರುವುದು 500 ಮಿಲಿಆಂಪಿಗೆ. ಬೋರ್ಡಿನ 5 ವೋಲ್ಟ್ ಪಿನ್ನಿಂದ ಸರ್ವೋ ನಡೆಸಿದರೆ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ, ಸರ್ವೋ ಮತ್ತೆ ಜಿಗಿಯುತ್ತದೆ, ಮತ್ತೆ ರೀಸೆಟ್. ನೋಡುವವರಿಗೆ ಇದು ಥೇಟ್ ಕೆಟ್ಟ ಸರ್ವೋ. 9 ವೋಲ್ಟ್‌ನ ಚೌಕ ಬ್ಯಾಟರಿಯಂತೂ ಯಾವ ಸರ್ವೋಗೂ ಬೇಡ. ಅದರ ಒಳಗಿನ ತಡೆ ಹೆಚ್ಚು, ಇಷ್ಟು ಕರೆಂಟ್ ಕೊಡಲಾರದು. ಎರಡು ಸೆಲ್‌ನ ಲಿಪೋ ಬ್ಯಾಟರಿ ತುಂಬಿದಾಗ 8.4 ವೋಲ್ಟ್ ಇರುತ್ತದೆ. ನೇರ ಕೊಟ್ಟರೆ 6 ವೋಲ್ಟ್‌ನ ಸರ್ವೋ ಸುಡುತ್ತದೆ. ನಡುವೆ 5 ಅಥವಾ 6 ವೋಲ್ಟ್‌ಗೆ ಇಳಿಸುವ, ನಿಮ್ಮ ಲೆಕ್ಕಕ್ಕೆ ಸಾಲುವಷ್ಟು ಆಂಪ್‌ನ ರೆಗ್ಯುಲೇಟರ್ ಇರಲಿ. ಸರ್ವೋ ಸಾಲಿಗೆ ಅಡ್ಡಲಾಗಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಬೆಸುಗೆಯಿಲ್ಲದೆ ತಂತಿ ಚುಚ್ಚುವ ಬ್ರೆಡ್‌ಬೋರ್ಡ್ ಮೂಲಕ ಈ ಕರೆಂಟ್ ಹಾಯಿಸಬೇಡಿ, ಗ್ರೌಂಡ್ ಮಾತ್ರ ಬೋರ್ಡಿಗೂ ಸರ್ವೋಗೂ ಒಂದೇ ಇರಬೇಕು. ಪ್ರೋಗ್ರಾಮಿನಲ್ಲಿ ಒಂದೊಂದೇ ಸರ್ವೋವನ್ನು 200 ಮಿಲಿಸೆಕೆಂಡ್ ಬಿಟ್ಟು ಎಬ್ಬಿಸಿ.

ಹಲವು ಸರ್ವೋಗಳನ್ನು ಒಟ್ಟಿಗೆ ನಡೆಸುವ ಪಿಸಿಎ9685 ಬೋರ್ಡ್ ಬಳಸುವವರು ಇನ್ನೊಂದು ಮೋಸಕ್ಕೆ ಸಿಗುತ್ತಾರೆ. ಅದರ ಒಳಗಿನ ಗಡಿಯಾರ ಹೆಸರಿಗೆ 25 ಮೆಗಾಹರ್ಟ್ಸ್, ಚಿಪ್ಪಿನಿಂದ ಚಿಪ್ಪಿಗೆ ಹೆಚ್ಚುಕಡಿಮೆ ಇರುತ್ತದೆ. ಯಾವ ಕೋನಕ್ಕೆ ತಿರುಗಬೇಕೆಂದು ಸರ್ವೋಗೆ ಹೇಳುವುದು ಪಲ್ಸ್‌ನ ಉದ್ದ. ಗಡಿಯಾರ ಶೇ. 4ರಷ್ಟು ಜಾರಿದರೆ 1500 ಮೈಕ್ರೋಸೆಕೆಂಡ್‌ನ ಪಲ್ಸ್ 60ರಷ್ಟು ತಪ್ಪುತ್ತದೆ, ಅಂದರೆ ಸುಮಾರು 6 ಡಿಗ್ರಿ. ಎಲ್ಲ ಸರ್ವೋಗಳೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ವಾಲಿದ್ದರೆ ತಪ್ಪು ಸರ್ವೋದ್ದಲ್ಲ. ಲೈಬ್ರರಿಯಲ್ಲಿ ಗಡಿಯಾರದ ಅಂಕಿ ತಿದ್ದಿ.

ಪರೀಕ್ಷೆಯನ್ನು ಚೌಕಟ್ಟಿಗೆ ಕೂರಿಸುವ ಮೊದಲೇ, ಪ್ರತಿಯೊಂದಕ್ಕೂ ಮಾಡಿ. ಸ್ಥಿರ 5 ವೋಲ್ಟ್ ಕೊಟ್ಟು 1500 ಮೈಕ್ರೋಸೆಕೆಂಡ್ ಕಳಿಸಿ. ಸುಮ್ಮನೆ ನಿಂತು, 1600ಕ್ಕೆ ನಿಲ್ಲದೆ ಸುತ್ತತೊಡಗಿದರೆ ನಿಮಗೆ ಬಂದಿರುವುದು ಸತತ ತಿರುಗುವ 360 ಡಿಗ್ರಿಯ ತಳಿ. ಹೊರಗಿನಿಂದ ಎರಡೂ ಒಂದೇ ಥರ, ಕಲಬೆರಕೆಯಾಗಿ ಬರುವುದುಂಟು. ಆಮೇಲೆ ಹಾರ್ನ್‌ಗೆ 10 ಸೆಂ.ಮೀ. ಕಡ್ಡಿ ಕಟ್ಟಿ, 1000ದಿಂದ 1500ಕ್ಕೆ ತಂದು ತುದಿಗೆ ಗುರುತು ಹಾಕಿ; 2000ದಿಂದ 1500ಕ್ಕೆ ತಂದು ಮತ್ತೆ ಗುರುತು ಹಾಕಿ. ತುದಿಯಲ್ಲಿ 1.75 ಮಿ.ಮೀ. ಎಂದರೆ 1 ಡಿಗ್ರಿ. ಎಸ್‌ಜಿ90 ತರಹದವುಗಳಲ್ಲಿ 10 ಮೈಕ್ರೋಸೆಕೆಂಡ್‌ನ ಡೆಡ್ ಬ್ಯಾಂಡ್ (ಪಲ್ಸ್ ಇಷ್ಟರೊಳಗೆ ಬದಲಾದರೆ ಸರ್ವೋ ಅಲುಗದ ಅಂತರ) ಇದ್ದೇ ಇರುತ್ತದೆ, ಅದೇ ಹತ್ತಿರಹತ್ತಿರ 1 ಡಿಗ್ರಿ. ಅಷ್ಟಕ್ಕೆ ದೂರುವುದು ನ್ಯಾಯವಲ್ಲ. ಎರಡು ಗುರುತಿನ ಅಂತರ 4 ಮಿ.ಮೀ. ದಾಟಿದ್ದನ್ನು ಕಾಲಿಗೆ ಹಾಕಬೇಡಿ, ಕಣ್ಣು ಮಿಟುಕಿಸುವ ಬೊಂಬೆಗೋ ಬಾಗಿಲ ಚಿಲಕಕ್ಕೋ ಎತ್ತಿಡಿ.

ಮುಂದೆ ನಿಧಾನ ಸವಾರಿ: 1000ದಿಂದ 2000ಕ್ಕೆ 5 ಮೈಕ್ರೋಸೆಕೆಂಡ್‌ನಂತೆ ಏರಿಸಿ. ಯಾವುದೋ ಒಂದೇ ಜಾಗದಲ್ಲಿ ಪ್ರತಿಸಲ ಜಿಗಿದರೆ ಪೊಟೆನ್ಶಿಯೋಮೀಟರ್ ಪಟ್ಟಿ ಕೆಟ್ಟಿದೆ. ಕೊನೆಗೆ ಹೊರೆ. ಶಾಫ್ಟಿನಿಂದ 5 ಸೆಂ.ಮೀ. ದೂರದಲ್ಲಿ 120 ಗ್ರಾಂ ತೂಗುಹಾಕಿದರೆ 0.6 ಕೆಜಿ-ಸೆಂ.ಮೀ. ಆಗುತ್ತದೆ. ಅದನ್ನು ಹೊತ್ತು 60 ಡಿಗ್ರಿ ಮೇಲೆ ಕೆಳಗೆ ಹತ್ತು ನಿಮಿಷ ಆಡಲಿ. ಬೆರಳು ಐದು ಸೆಕೆಂಡ್ ಇಡಲಾಗದಿದ್ದರೆ, ಸದ್ದು ಬದಲಾದರೆ, ಮರಳಿ ಬರುವಾಗ ಸ್ಥಾನ ಜಾರಿದರೆ, ವಾಪಸ್ ಕಳಿಸಿ. ಆರ್ಡುಯಿನೋದ ಸರ್ವೋ ಲೈಬ್ರರಿ ಹೇಳದೆ ಬಿಟ್ಟರೆ 544ರಿಂದ 2400 ಮೈಕ್ರೋಸೆಕೆಂಡ್‌ವರೆಗೆ ಕಳಿಸುತ್ತದೆ. ಅನೇಕ ನಕಲಿಗಳು ಅಷ್ಟು ತಿರುಗಲಾರವು, ತುದಿಯ ತಡೆಗೆ ಒತ್ತಿ ಗುಂಯ್‌ಗುಡುತ್ತವೆ. ಪ್ರತಿಯೊಂದರ ನಿಜವಾದ ತುದಿ ಹುಡುಕಿ, ಐದು ಡಿಗ್ರಿ ಒಳಗೇ ಮಿತಿ ಹಾಕಿ.

ಹಾರ್ನ್ ವಿಷಯ ಚಿಕ್ಕದು. ಎಂಜಿ996ಆರ್ ಶಾಫ್ಟಿಗೆ 25 ಹಲ್ಲು, ಸಣ್ಣವುಗಳಲ್ಲಿ ಒಂದೊಂದರದ್ದು ಒಂದೊಂದು. ಬೇರೆ ಲಾಟಿನ ಹಾರ್ನ್ ಬಲವಂತವಾಗಿ ಒತ್ತಿದರೆ ಕೂತಂತೆ ಕಂಡು ಹೊರೆ ಬಿದ್ದಾಗ ಜಾರುತ್ತದೆ.

ಆಯ್ಕೆಗೆ ಬಂದರೆ, ತಯಾರಕರು ಗೇರ್ ಲೋಹ, ಬೇರಿಂಗ್, ಡೆಡ್ ಬ್ಯಾಂಡ್, ಎರಡು ವೋಲ್ಟೇಜಿನ ಟಾರ್ಕ್, ಸ್ಟಾಲ್ ಕರೆಂಟ್ ಎಲ್ಲವನ್ನೂ ಬರೆದ, ಬಿಡಿ ಗೇರ್ ಸೆಟ್ ಸಿಗುವ ಮಾದರಿ ಹಿಡಿಯಿರಿ. ಕೀಲುಗಳು ಆರು ದಾಟಿ, ದಿನವೂ ಹೊರೆ ಹೊರುವ ಯಂತ್ರವಾದರೆ ಎಸ್‌ಟಿಎಸ್3215ರಂಥ ಸೀರಿಯಲ್ ಬಸ್ ಸರ್ವೋ ಕಡೆಗೆ ಹೋಗುವುದು ಒಳಿತು: ಸ್ಥಾನ, ಹೊರೆ, ವೋಲ್ಟೇಜ್, ಬಿಸಿ ಎಲ್ಲವನ್ನೂ ಅದೇ ಹೇಳುತ್ತದೆ, ಸುಡುವ ಮೊದಲು ಪ್ರೋಗ್ರಾಮ್ ನಿಲ್ಲಿಸಬಹುದು. ಸಣ್ಣ ಪಲ್ಸ್ ಸರ್ವೋಗಳೇ ಸಾಕೆನ್ನುವವರು ಬೇಕಾದ್ದಕ್ಕಿಂತ ನಾಲ್ಕು ಹೆಚ್ಚು, ಒಂದೇ ಲಾಟಿನಲ್ಲಿ ತರಿಸಿ, ಪರೀಕ್ಷೆಯ ಅಂಕಿಗಳನ್ನು ಪ್ರತಿಯೊಂದರ ಬದಿಗೆ ಬರೆದು ಅಂಟಿಸಿ, ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲೇ ಕೆಟ್ಟವನ್ನು ಆರಿಸಿ ತೆಗೆಯಿರಿ. ಮುಂದಿನ ಸಲ ಅದೇ ಚೀಟಿಯಲ್ಲಿ ಬರುವುದು ಬೇರೆ ಗೇರ್, ಬೇರೆ ಬೋರ್ಡ್ ಆಗಿರಬಹುದು.